ಓದಿನ ದಿನಗಳ ವ್ರತ: ಯಮವೋ, ನಿಯಮವೋ?

ಸೇವಿಸಲು ಯೋಗ್ಯವಲ್ಲದ ವಸ್ತುವನ್ನು ಬಿಡುವುದು ಸಜ್ಜನರಿಗೆಲ್ಲ ಸಹಜವಾದುದು. ಯೋಗ್ಯವಾದ ವಸ್ತುವನ್ನೂ ಬುದ್ಧಿಪೂರ್ವಕವಾಗಿ ಸಂಕಲ್ಪಮಾಡಿ ಬಿಡುವುದು ವ್ರತವೆನಿಸುತ್ತದೆಂದು ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಅದೇ ಪ್ರಕರಣದಲ್ಲಿ ಅವರು ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಕಾಲದ ಮಿತಿಯನ್ನು ಹೇಳಿಕೊಂಡು ಹಿಡಿದದ್ದು ನಿಯಮ. ಜೀವವಿರುವವರೆಗೆ ಹಿಡಿದದ್ದು ಯಮ. ನಿಯಮಕ್ಕೆ ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂಬ ಅವಧಿಗಳನ್ನೂ, ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಸಂಗೀತ ಮೊದಲಾದ ವಿಷಯಗಳನ್ನೂ ಎಣಿಸಿ ಹೇಳಿದ್ದಾರೆ. ನಮ್ಮ ಮನೆಗಳಲ್ಲಿ ಈ ಭಾಗವನ್ನು ಓದುವವರು ಕಡಮೆ. ಯಮವು ದೊಡ್ಡದು, ನಿಯಮವು ಅಶಕ್ತರಿಗಾಗಿ ಇಟ್ಟ ಸಣ್ಣ ಬಾಗಿಲು ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿಬಿಟ್ಟಿದೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ.

ಇಪ್ಪತ್ತರಿಂದ ಮೂವತ್ತರ ನಡುವಣ ವಯಸ್ಸಿನಲ್ಲಿ ಮನುಷ್ಯನ ಬಾಳು ಒಂದೇ ವೇಳೆಗೆ ಹಲವು ದಿಕ್ಕಿಗೆ ತಿರುಗುತ್ತದೆ. ಸ್ನಾತಕೋತ್ತರ ವ್ಯಾಸಂಗ ತೊಡಗುತ್ತದೆ, ಊರು ಬಿಡಬೇಕಾಗುತ್ತದೆ, ಮನೆಯಲ್ಲಿ ಮದುವೆಯ ಮಾತು ಏಳುತ್ತದೆ, ಮನೆಯ ಹಿರಿಯರೊಬ್ಬರು ಅಗಲುತ್ತಾರೆ. ಇವುಗಳಲ್ಲಿ ಒಳಿತಾವುದು ಕೆಡುಕಾವುದು ಎಂದು ಆ ಹೊತ್ತಿನಲ್ಲಿ ಬಿಡಿಸಿ ಹೇಳಲಾಗದು. ಇಂತಹ ವಯಸ್ಸಿನಲ್ಲಿ, ಹಿಂದೆ ಹಿಡಿದ ವ್ರತವನ್ನು ಏನು ಮಾಡಬೇಕು? ಬದಲಾದ ಬಾಳಿಗೆ ತಕ್ಕಂತೆ ವ್ರತವೂ ಬದಲಾಗಬಹುದೇ? ಈ ಪ್ರಶ್ನೆ ನನ್ನ ಮುಂದೆ ಪುಸ್ತಕದಿಂದ ಬಂದುದಲ್ಲ. ದೊಡ್ಡಬಳ್ಳಾಪುರದಲ್ಲಿರುವ ನನ್ನ ತಂಗಿಯ ಮಗಳಿಂದ ಬಂದಿತು.

ಅವಳಿಗೆ ಈಗ ಇಪ್ಪತ್ತೆರಡು. ಹದಿನಾರರ ವಯಸ್ಸಿನಲ್ಲಿ, ಮುನಿಸಂಘವೊಂದರ ಚಾತುರ್ಮಾಸದ ಕಾಲದಲ್ಲಿ, ದಶಲಕ್ಷಣ ಪರ್ವದ ದಿನ ಆಜೀವ ರಾತ್ರಿಭೋಜನ ತ್ಯಾಗವನ್ನು ಸ್ವೀಕರಿಸಿದ್ದಳು. ಅನ್ನ, ಪಾನ, ಖಾದ್ಯ, ಲೇಹ್ಯವೆಂಬ ನಾಲ್ಕು ಬಗೆಯ ಆಹಾರವನ್ನೂ ಸೂರ್ಯಾಸ್ತಕ್ಕೆ ಎರಡು ಘಳಿಗೆ ಮೊದಲೇ ಮುಗಿಸಬೇಕು. ಆರು ವರ್ಷ ನಿರಾಯಾಸವಾಗಿ ನಡೆಯಿತು. ಕಳೆದ ವರ್ಷ ಬೆಂಗಳೂರಿನ ಒಂದು ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ತರಗತಿಗೆ ಸೇರಿದಳು. ಯಲಹಂಕದ ಮಾರ್ಗವಾಗಿ ದಿನವೂ ಹೋಗಿಬರುವುದು. ಮೊದಲ ತಿಂಗಳುಗಳಲ್ಲಿ ತೊಂದರೆಯೇನೂ ಕಾಣಲಿಲ್ಲ. ಜುಲೈ ತಿಂಗಳಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯನು ಮುಳುಗುವುದು ಆರೂಮುಕ್ಕಾಲರ ನಂತರ. ಎರಡು ಘಳಿಗೆ, ಎಂದರೆ ನಲವತ್ತೆಂಟು ನಿಮಿಷ ಕಳೆದರೂ ಆರು ಗಂಟೆಯವರೆಗೆ ಕಾಲವಿರುತ್ತದೆ. ನವೆಂಬರಿನಲ್ಲಿ ಹಾಗಲ್ಲ. ಐದೂ ಐವತ್ತರ ಸುಮಾರಿಗೆ ಅಸ್ತ. ಐದು ಗಂಟೆಗೆಲ್ಲ ಊಟ ಮುಗಿದಿರಬೇಕು. ಅವಳಿಗೋ ವಾರದಲ್ಲಿ ಎರಡು ದಿನ ಪ್ರಯೋಗಶಾಲೆ ಐದೂವರೆಯವರೆಗೆ. ಒಲೆಯ ಮೇಲಿಟ್ಟ ದ್ರಾವಣವನ್ನು ನಡುವೆ ಬಿಟ್ಟು ಹೊರಗೆ ಬರುವಂತಿಲ್ಲ; ಪ್ರಯೋಗಶಾಲೆಯೊಳಗೆ ಬಾಯಿಗೆ ಏನನ್ನೂ ಹಾಕಿಕೊಳ್ಳುವಂತಿಲ್ಲ. ಮನೆ ಸೇರುವಾಗ ಏಳೂವರೆ.

ಅವಳು ಮಾಡಿದ್ದೇನು? ಮೊದಲ ವಾರ ಹಸಿದು ಮಲಗಿದಳು. ಎರಡನೆಯ ವಾರ ದಾರಿಯಲ್ಲಿ ಒಂದು ಬಾಳೆಯ ಹಣ್ಣು, ಸ್ವಲ್ಪ ಹಾಲು. ಅನ್ನವಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡಳು. ರಾತ್ರಿ ಅನ್ನವನ್ನು ಮಾತ್ರ ಬಿಟ್ಟು ಹಣ್ಣುಹಾಲು ಸ್ವೀಕರಿಸುವ ಶ್ರಾವಕರು ನಮ್ಮಲ್ಲಿ ಇಲ್ಲದಿಲ್ಲ. ಅಷ್ಟನ್ನೇ ಹಿಡಿದವರಿಗೆ ಅದೂ ಒಂದು ಮೆಟ್ಟಿಲು. ಇವಳು ಹಿಡಿದದ್ದು ಅಷ್ಟನ್ನಲ್ಲ. ಮನೆಗೆ ಬಂದಾಗ ತಾಯಿ, “ಡಬ್ಬಿಯದನ್ನು ಹೊತ್ತಿಗೆ ಮುಂಚೆ ತಿಂದೆಯೇನಮ್ಮಾ?” ಎಂದು ಕೇಳಿದರೆ ತಲೆಯಾಡಿಸುವಳು. ಮೂರು ವಾರ ಹೀಗೆ ನಡೆದ ಬಳಿಕ ಒಂದು ಭಾನುವಾರ ನನ್ನ ಬಳಿ ಬಂದು ಎಲ್ಲವನ್ನೂ ಹೇಳಿದಳು.

ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯಬೇಕು. “ಇರಲಿ ಬಿಡಮ್ಮ, ಎರಡು ವರ್ಷದ ಮಾತು, ಓದು ಮುಗಿಯಲಿ, ಆಮೇಲೆ ಮತ್ತೆ ಹಿಡಿದರಾಯಿತು” ಎಂದುಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾವ, ಹಾಗಾದರೆ ಅಂದು ನಾನು ಕೈಮುಗಿದು ಹೇಳಿದ್ದು ಯಾರಿಗೆ?” ಎಂದು ಕೇಳಿದಳು.

ಆ ರಾತ್ರಿ ನನಗೆ ಜನ್ನನ ಯಶೋಧರ ಚರಿತೆಯ ಕಥೆ ನೆನಪಾಯಿತು. 1209ರಲ್ಲಿ ರಚಿತವಾದ ಈ ಕಾವ್ಯವನ್ನು ನಮ್ಮ ಮನೆಗಳಲ್ಲಿ ಜೀವದಯಾಷ್ಟಮಿಯ ಸಂದರ್ಭದಲ್ಲಿ ನೆನೆಯುತ್ತೇವೆ. ಯಶೋಧರ ರಾಜನಿಗೆ ಪ್ರಾಣಿವಧೆ ಬೇಡ; ತಾಯಿಯ ಮಾತನ್ನು ಮೀರಲೂ ಮನಸ್ಸಿಲ್ಲ. ಆದುದರಿಂದ ಹಿಟ್ಟಿನ ಕೋಳಿಯನ್ನು ಮಾಡಿಸಿ ದೇವತೆಗೆ ಬಲಿಕೊಟ್ಟನು. ಕೊಂದದ್ದು ಹಿಟ್ಟನ್ನೇ, ಆದರೆ ಸಂಕಲ್ಪವು ಕೊಲೆಯದು. ಅದರ ಫಲವಾಗಿ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲಬೇಕಾಯಿತು. ಈ ಕಥೆಯನ್ನು ನಾವು ಅಹಿಂಸೆಯ ಪಾಠವೆಂದೇ ಓದುತ್ತೇವೆ, ಅದು ಸರಿ. ಆದರೆ ಅದರಲ್ಲಿ ರಾಜಿಯ ವಿಚಾರವೂ ಇದೆ. ಯಶೋಧರನು ಎರಡೂ ಕಡೆಗೆ ಸಲ್ಲುವ ಒಂದು ಉಪಾಯವನ್ನು ಹುಡುಕಿದನು; ವ್ರತದ ಹೆಸರು ಉಳಿಯಿತು, ತಾಯಿಯ ಮಾತೂ ಉಳಿಯಿತು, ಹೋದದ್ದು ಸತ್ಯ ಮಾತ್ರ. ನನ್ನ ತಂಗಿಯ ಮಗಳ ಬಾಳೆಯ ಹಣ್ಣು ಹಿಟ್ಟಿನ ಕೋಳಿಯಾಗಿತ್ತು. ನಾನು ಹೇಳಿದ ಸಮಾಧಾನವು ಅದಕ್ಕಿಂತ ದೊಡ್ಡ ಹಿಟ್ಟಿನ ಕೋಳಿ. ಅವಳಿಗಾದರೂ ಅದು ಹಿಟ್ಟೆಂದು ತಿಳಿದಿತ್ತು.

ಬಾಳಿನ ಬದಲಾವಣೆಗಳನ್ನು ಶಪಿಸುವುದು ಜೈನರಾದ ನಮಗೆ ಸಲ್ಲದು. ಇರುವ ವಸ್ತುವೆಲ್ಲವೂ ಹುಟ್ಟುವಿಕೆ, ಅಳಿಯುವಿಕೆ, ಸ್ಥಿರತೆಗಳೆಂಬ ಮೂರನ್ನೂ ಒಮ್ಮೆಗೇ ಹೊಂದಿರುತ್ತದೆ. ಉತ್ಪಾದ, ವ್ಯಯ, ಧ್ರೌವ್ಯ ಎಂಬ ತತ್ತ್ವಾರ್ಥಸೂತ್ರದ ಲಕ್ಷಣವನ್ನು ಪಾಠಶಾಲೆಯ ಮಕ್ಕಳೂ ಬಲ್ಲರು. ನಮ್ಮ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಮಣ್ಣೆಗೆ ಹೋಗಿ ನೋಡಿದವರಿಗೆ ಈ ಸೂತ್ರ ಕಣ್ಣಿಗೇ ಕಾಣುತ್ತದೆ. ಅದು ಗಂಗರ ಕಾಲದ ಮಾನ್ಯಪುರ, ರಾಜಧಾನಿಯಾಗಿ ಮೆರೆದ ಊರು. ಗಂಗ ಮಾರಸಿಂಹನ ದಂಡನಾಯಕ ಶ್ರೀವಿಜಯನು ಅಲ್ಲಿ ಜಿನಾಲಯವನ್ನು ಕಟ್ಟಿಸಿದನೆಂದು 797ರ ತಾಮ್ರಶಾಸನ ಹೇಳುತ್ತದೆ. ದಾನಶಾಸನಗಳಲ್ಲಿ ‘ಚಂದ್ರಸೂರ್ಯರಿರುವವರೆಗೆ’ ಎಂದು ಬರೆಯಿಸುವುದು ಅಂದಿನ ವಾಡಿಕೆ. ಚಂದ್ರಸೂರ್ಯರು ಈಗಲೂ ಇದ್ದಾರೆ. ರಾಜಧಾನಿಯು ಮಾತ್ರ ಹೊಲಗದ್ದೆಗಳ ನಡುವಣ ಒಂದು ಹಳ್ಳಿ. ಇತ್ತ ದೇವನಹಳ್ಳಿಯ ಹೊಲಗಳಲ್ಲಿ 2008ರಿಂದ ವಿಮಾನಗಳು ಇಳಿಯುತ್ತಿವೆ. ಹೀಗೆ ಅಳಿದು ಹುಟ್ಟುವ ಲೋಕದ ನಡುವೆ ಇಪ್ಪತ್ತೆರಡರ ಹುಡುಗಿಯ ದಿನಚರಿ ಬದಲಾಯಿತೆಂದು ಅಚ್ಚರಿಪಡುವುದೇಕೆ? ಅವಳ ಓದು ಕೆಡುಕಲ್ಲ. ಜ್ಞಾನಾವರಣವು ತೆಳುವಾಗುವ ಯಾವ ಕಾರ್ಯವನ್ನೂ ನಮ್ಮ ಆಚಾರ್ಯರು ಹಳಿದಿಲ್ಲ. ಹೊಸ ಗೆಳತಿಯರಲ್ಲಿ ರಂಜಾನ್ ತಿಂಗಳ ಉಪವಾಸ ಹಿಡಿಯುವ ಒಬ್ಬಳಿದ್ದಾಳೆ. ಅವಳು ಸೂರ್ಯಾಸ್ತಕ್ಕಾಗಿ ಕಾಯುವಳು, ಇವಳು ಸೂರ್ಯಾಸ್ತಕ್ಕೆ ಹೆದರುವಳು. ಇಬ್ಬರೂ ಒಂದೇ ಗಡಿಯಾರವನ್ನು ನೋಡುತ್ತಾರೆಂದು ನಗುತ್ತ ಹೇಳಿದಳು. ಅಂತಹ ಗೆಳೆತನವೂ ಬದಲಾವಣೆಯ ಫಲವೇ.

ಒಳಿತು ಕೆಡುಕುಗಳು ಬೆರೆತ ಇಂತಹ ಸ್ಥಿತಿಯನ್ನು ಕುರಿತು ಯೋಚಿಸುವಾಗ ನನಗೆ ಮೂರನೆಯ ಗುಣಸ್ಥಾನದ ದೃಷ್ಟಾಂತ ನೆನಪಾಗುತ್ತದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಮಿಶ್ರ ಗುಣಸ್ಥಾನಕ್ಕೆ ಮೊಸರು ಬೆಲ್ಲಗಳ ಮಿಶ್ರಣವನ್ನು ಹೋಲಿಸುತ್ತಾರೆ. ಕಲಸಿದ ಮೇಲೆ ಮೊಸರಿನ ಹುಳಿಯನ್ನೂ ಬೆಲ್ಲದ ಸಿಹಿಯನ್ನೂ ಬೇರ್ಪಡಿಸಲಾಗದು. ಆ ಸ್ಥಾನದಲ್ಲಿರುವ ಜೀವವು ಸಂಯಮವನ್ನಾಗಲಿ ದೇಶಸಂಯಮವನ್ನಾಗಲಿ ಸ್ವೀಕರಿಸುವುದಿಲ್ಲ, ಮುಂದಿನ ಆಯುಷ್ಯವನ್ನು ಕಟ್ಟಿಕೊಳ್ಳುವುದಿಲ್ಲ, ಅಲ್ಲಿ ಮರಣವನ್ನೂ ಹೊಂದುವುದಿಲ್ಲ. ಅಂತರ್ಮುಹೂರ್ತದೊಳಗೆ ಮೇಲಕ್ಕೋ ಕೆಳಕ್ಕೋ ಹೋಗಲೇಬೇಕು. ಇದು ಶ್ರದ್ಧೆಯ ವಿಚಾರವಾಗಿ ಹೇಳಿದ್ದು, ಕಾಲೇಜಿನ ಓದಿಗಲ್ಲವೆಂದು ಪಂಡಿತರು ಆಕ್ಷೇಪಿಸಬಹುದು. ಒಪ್ಪುತ್ತೇನೆ. ಆದರೂ ದೃಷ್ಟಾಂತವಾಗಿ ತೆಗೆದುಕೊಂಡರೆ ತಪ್ಪಿಲ್ಲ. ಮನಸ್ಸು ಮೊಸರುಬೆಲ್ಲವಾಗಿರುವಾಗ ಆಜೀವದ ಮಾತನ್ನು ಆಡಬಾರದು. ಆಡಿದ್ದನ್ನು ಅಳಿಸಲೂ ಬಾರದು.

ಹಾಗಾದರೆ ಇಪ್ಪತ್ತರ ವಯಸ್ಸಿನವರು ವ್ರತವನ್ನೇ ಹಿಡಿಯಬಾರದೇ? ಅಲ್ಲ. ಆಚಾರ್ಯ ವಿದ್ಯಾಸಾಗರರು ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1946ರಲ್ಲಿ ಜನಿಸಿ, ಕನ್ನಡ ಶಾಲೆಯ ಓದನ್ನು ನಡುವೆಯೇ ಬಿಟ್ಟು, 1968ರಲ್ಲಿ ಅಜ್ಮೇರಿನಲ್ಲಿ ಆಚಾರ್ಯ ಜ್ಞಾನಸಾಗರರಿಂದ ಮುನಿದೀಕ್ಷೆ ಪಡೆದಾಗ ಅವರಿಗೆ ಇಪ್ಪತ್ತೊಂದೇ ವರ್ಷ. 2024ರಲ್ಲಿ ಡೋಂಗರಗಢದಲ್ಲಿ ಸಮಾಧಿ ಹೊಂದುವವರೆಗೆ ಆ ಯಮವು ಐವತ್ತೈದು ವರ್ಷಕ್ಕೂ ಮೀರಿ ನಡೆಯಿತು. ಅದೇ ಕಾಲದ ಇನ್ನೊಬ್ಬ ತರುಣರು ವರಂಗದಲ್ಲಿ 1949ರಲ್ಲಿ ಜನಿಸಿದವರು. 1969ರಲ್ಲಿ ದೀಕ್ಷೆ ಪಡೆದು, 1970ರಲ್ಲಿ, ಇಪ್ಪತ್ತೊಂದು ತುಂಬುವ ಮೊದಲೇ, ಶ್ರವಣಬೆಳಗೊಳದ ಪೀಠವನ್ನೇರಿ ಚಾರುಕೀರ್ತಿ ಭಟ್ಟಾರಕರೆನಿಸಿದರು. ಅವರು ಓದನ್ನು ಬಿಡಲಿಲ್ಲ. ಪೀಠದ ಹೊಣೆಯೊಡನೆಯೇ ಮೈಸೂರು ವಿಶ್ವವಿದ್ಯಾನಿಲಯದಿಂದ ಇತಿಹಾಸದಲ್ಲಿಯೂ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ತತ್ತ್ವಶಾಸ್ತ್ರದಲ್ಲಿಯೂ ಎಂ.ಎ. ಪದವಿಗಳನ್ನು ಪಡೆದರು, 1981ರ ಸಹಸ್ರಮಾನದ ಮಹಾಮಸ್ತಕಾಭಿಷೇಕವನ್ನು ನಡೆಸಿಕೊಟ್ಟರು, 2023ರಲ್ಲಿ ದೇಹವಿಟ್ಟರು. ಒಬ್ಬರು ಶಾಲೆಯನ್ನು ಬಿಟ್ಟರು, ಒಬ್ಬರು ಹಿಡಿದರು. ಇಬ್ಬರಿಗೂ ತಾವೇನನ್ನು ಬಿಡುತ್ತಿದ್ದೇವೆ, ಏನನ್ನು ಹಿಡಿಯುತ್ತಿದ್ದೇವೆ ಎಂಬುದು ತಿಳಿದಿತ್ತು. ಮಹಾಪುರುಷರ ಉದಾಹರಣೆಯನ್ನು ಸಾಮಾನ್ಯರ ಮೇಲೆ ಹೊರಿಸುವುದು ನನ್ನ ಉದ್ದೇಶವಲ್ಲ. ವಯಸ್ಸು ಚಿಕ್ಕದಾದ ಮಾತ್ರಕ್ಕೆ ವ್ರತ ಹಗುರವಾಗುವುದಿಲ್ಲ, ಅರಿವಿಲ್ಲದಿದ್ದರೆ ಆಗುತ್ತದೆ ಎಂಬಷ್ಟಕ್ಕೆ ಹೇಳಿದೆ.

ಹದಿನಾರರ ಹುಡುಗಿಗೆ ಆ ಅರಿವು ಇತ್ತೇ? ಇಲ್ಲಿ ನಮ್ಮ ಸಮಾಜದ ಒಂದು ವಾಡಿಕೆಯನ್ನು ಕುರಿತು ಕಟುವಾಗಿಯೇ ಹೇಳಬೇಕಾಗಿದೆ. ಪ್ರವಚನದ ಕೊನೆಯಲ್ಲಿ ಸಭೆಯಲ್ಲಿ ಕೂತ ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಕೈಯೆತ್ತುತ್ತಾರೆ. ತಾಯಿತಂದೆಗಳ ಕಣ್ಣಲ್ಲಿ ಆನಂದಬಾಷ್ಪ. ಎಷ್ಟು ಮಂದಿ ಆಜೀವ ವ್ರತ ಹಿಡಿದರೆಂದು ಧ್ವನಿವರ್ಧಕದಲ್ಲಿ ಘೋಷಣೆ. ಮುನಿಗಳು ಭಾವವನ್ನು ನೋಡಿ ಕೊಡುತ್ತಾರೆ, ಅವರಲ್ಲಿ ದೋಷವಿಲ್ಲ. ಮಗುವಿನ ಶಕ್ತಿಯನ್ನು ಬಲ್ಲವರು ನಾವು. ‘ಸ್ವಾಮಿ, ಈ ಮಗುವಿಗೆ ಒಂದು ವರ್ಷದ ನಿಯಮವಿರಲಿ’ ಎಂದು ಬಿನ್ನವಿಸಬೇಕಾದವರು ನಾವು. ಷೋಡಶ ಭಾವನೆಗಳಲ್ಲಿ ಶಕ್ತಿಯನ್ನನುಸರಿಸಿದ ತ್ಯಾಗ, ಶಕ್ತಿಯನ್ನನುಸರಿಸಿದ ತಪಸ್ಸು ಎಂದು ಎಣಿಸಿರುವುದು ಸುಮ್ಮನೆ ಅಲ್ಲ. ಶಕ್ತಿಯನ್ನು ಅಡಗಿಸಿಡುವುದು ಹೇಗೆ ದೋಷವೋ ಇಲ್ಲದ ಶಕ್ತಿಯನ್ನು ಇದೆಯೆಂದು ಘೋಷಿಸುವುದೂ ಹಾಗೆಯೇ ದೋಷ.

ಇನ್ನೊಂದು ಮಾತು. ಆ ಆರು ವರ್ಷ ವ್ರತವನ್ನು ನಡೆಸಿದವರು ಯಾರು? ಐದು ಗಂಟೆಗೆ ಅಡುಗೆ ಮುಗಿಸಿ, ಶಾಲೆಯಿಂದ ಬಂದೊಡನೆ ಬಡಿಸಿ, ನೆಂಟರ ಮದುವೆಗೂ ಡಬ್ಬಿ ಕಟ್ಟಿಕೊಂಡು ಹೋದವಳು ನನ್ನ ತಂಗಿ. ಮಗಳು ಉಂಡಳು, ವ್ರತವನ್ನು ನಡೆಸಿದ್ದು ತಾಯಿಯ ಒಲೆ. ಹಿಂದಿನ ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಮುಂಬಯಿಯ ಸೇಠ್ ಮಾಣಿಕಚಂದ ಹಿರಾಚಂದರು (1851–1914) ಮುಂಬಯಿ, ಕೊಲ್ಹಾಪುರ ಮೊದಲಾದೆಡೆ ಜೈನ ವಿದ್ಯಾರ್ಥಿಗಳಿಗಾಗಿ ಬೋರ್ಡಿಂಗುಗಳು ಏಳಲು ಕಾರಣರಾದರು. ಊರು ಬಿಟ್ಟು ಓದಲು ಬಂದ ಹುಡುಗನಿಗೆ ಧರ್ಮೋಪದೇಶಕ್ಕಿಂತ ಮುಂಚೆ ಹೊತ್ತಿಗೆ ಸರಿಯಾದ ಶುದ್ಧ ಊಟ ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು. ನನ್ನ ತಂಗಿಯ ಮಗಳ ವ್ರತವು ನಿಜವಾಗಿ ಅವಳದಾಗಲು ತೊಡಗಿದ್ದು ನವೆಂಬರಿನ ಆ ಮೊದಲ ಹಸಿದ ಸಂಜೆಯಲ್ಲಿ. ಅಲ್ಲಿಯವರೆಗೆ ಅದು ಎರವಿನ ಒಡವೆ.

ಮಾನಸಿಕ ಶುದ್ಧಿ ಕೆಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ತೊಡಗುವುದು ಅತಿಚಾರ, ಅದರಲ್ಲಿಯೇ ಆಸಕ್ತರಾಗಿ ಉಳಿಯುವುದು ಅನಾಚಾರ ಎಂದು ನಾಲ್ಕು ಮೆಟ್ಟಿಲುಗಳನ್ನು ಹಿರಿಯರು ಹೇಳಿದ್ದಾರೆ. ಮೊದಲ ಮೂರು ಮೆಟ್ಟಿಲಿನಿಂದ ಹಿಂತಿರುಗುವ ದಾರಿ ಸಮೀಪದಲ್ಲಿರುತ್ತದೆ. ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಗುರುವಿನೆದುರು ತಪ್ಪನ್ನು ಮುಚ್ಚಿಡದೆ ಹೇಳುವುದು. ಕೊನೆಯದು ಉಪಸ್ಥಾಪನೆ, ಎಂದರೆ ಮತ್ತೆ ವ್ರತದಲ್ಲಿ ನೆಲೆಗೊಳಿಸುವುದು. ಇವನ್ನು ಮುಖ್ಯವಾಗಿ ಮುನಿಗಳಿಗೆ ಹೇಳಿದ್ದರೂ ಶ್ರಾವಕರಿಗೂ ದಾರಿ ಬೇರೆಯಲ್ಲ. ವ್ರತವು ಮುರಿಯಬಹುದೆಂಬುದನ್ನು ಶಾಸ್ತ್ರವು ಮೊದಲೇ ಬಲ್ಲದು. ಆದರೆ ಯಮವನ್ನು ನಾವೇ ಮನೆಯಲ್ಲಿ ಕೂತು ನಿಯಮವಾಗಿ ಇಳಿಸಿಕೊಳ್ಳುವ ಅಧಿಕಾರ ಯಾವ ಗ್ರಂಥದಲ್ಲಿಯೂ ನನಗೆ ಕಾಣಲಿಲ್ಲ. ನನ್ನಂತಹ ಸೋದರಮಾವನಿಗಂತೂ ಇಲ್ಲ.

ಆದುದರಿಂದ ತಾಯಿಮಗಳಿಬ್ಬರನ್ನೂ ಕರೆದುಕೊಂಡು, ಆಗ ತುಮಕೂರಿನ ಕಡೆ ವಿಹಾರದಲ್ಲಿದ್ದ ಆರ್ಯಿಕಾ ಮಾತಾಜಿಯೊಬ್ಬರ ದರ್ಶನಕ್ಕೆ ಹೋದೆವು. ದಾರಿಯಲ್ಲಿ ಮಂದರಗಿರಿಯ ಬಸದಿಗಳ ದರ್ಶನವೂ ಆಯಿತು. ಹುಡುಗಿ ಎಲ್ಲವನ್ನೂ ಹೇಳಿದಳು. ತಲೆಯಾಡಿಸಿ ತಾಯಿಗೆ ಸುಳ್ಳು ಹೇಳಿದ್ದನ್ನೂ ಸೇರಿಸಿ. ನನ್ನ ತಂಗಿಗೆ ಹಣ್ಣುಹಾಲಿಗಿಂತ ಅದು ಹೆಚ್ಚು ನೋವು ತಂದಿತು. ಮಾತಾಜಿಯವರು ವ್ರತವನ್ನು ಸಡಿಲಿಸಲಿಲ್ಲ. ಗದರಲೂ ಇಲ್ಲ. ಮೂರು ತಿಂಗಳು ಅಷ್ಟಮಿ ಚತುರ್ದಶಿಗಳಲ್ಲಿ ಏಕಭುಕ್ತ, ದಿನವೂ ಒಂದು ಜಪಮಾಲೆ ಣಮೋಕಾರವೆಂದು ಪ್ರಾಯಶ್ಚಿತ್ತ ಕೊಟ್ಟರು. ಬಳಿಕ, “ಪ್ರಯೋಗಶಾಲೆ ಇರುವ ಎರಡು ದಿನ ಮಧ್ಯಾಹ್ನವೇ ಹೊಟ್ಟೆ ತುಂಬ ಉಂಡು, ಅಲ್ಲಿಗೇ ಮುಗಿಸಲಾಗುವುದೇ?” ಎಂದು ಕೇಳಿದರು. ಆಗುವುದೆಂದಳು. “ಯೋಚಿಸಿ ಹೇಳು. ಇದನ್ನು ಈ ಓದಿನ ಅವಧಿಗೆ ಮಾತ್ರ ಕೊಡುತ್ತೇನೆ, ಆಜೀವಕ್ಕಲ್ಲ” ಎಂದರು.

ನಾನು ಇಷ್ಟು ವರ್ಷ ಸಣ್ಣ ಬಾಗಿಲೆಂದು ತಿಳಿದಿದ್ದ ನಿಯಮದ ಪ್ರಯೋಜನವನ್ನು ಅಂದು ಕಂಡೆ. ಯಮವು ಅಲುಗದೆ ನಿಂತಿತು; ಬದಲಾಗುವ ಬಾಳಿನ ಭಾರವನ್ನು ಅವಧಿಯುಳ್ಳ ನಿಯಮವು ಹೊತ್ತಿತು. ಎರಡಕ್ಕೂ ಮುಚ್ಚುಮರೆಯಿಲ್ಲ. ವಾಪಸು ಬರುವಾಗ ನನ್ನ ತಂಗಿ, ತಾನೂ ಆ ಎರಡು ದಿನ ಸಂಜೆ ಉಣ್ಣುವುದಿಲ್ಲವೆಂದಳು. ಮಗಳು ಬೇಡವೆಂದಳು. “ನನ್ನ ವ್ರತವನ್ನು ನನಗೆ ಬಿಡಮ್ಮ” ಎಂದಳು. ತಂಗಿಗೆ ಸ್ವಲ್ಪ ಬೇಸರವಾದಂತೆ ಕಂಡಿತು, ನೆಲಮಂಗಲದವರೆಗೆ ಮಾತಾಡಲಿಲ್ಲ.

ಈಗ ಮೂರನೆಯ ಸೆಮಿಸ್ಟರು. ಮಂಗಳವಾರ ಶುಕ್ರವಾರಗಳಲ್ಲಿ ಮಧ್ಯಾಹ್ನದ ಡಬ್ಬಿ ದೊಡ್ಡದು. ತಲೆನೋವು ಬಂದ ದಿನಗಳೂ ಇವೆ, ಹಸಿವಿನಿಂದ ಸಿಡುಕಿದ ದಿನಗಳೂ ಇವೆ. ಅವನ್ನು ಅವಳು ಅಡಗಿಸುವುದಿಲ್ಲ. ಮೊನ್ನೆ ಬಂದಾಗ ಹೊಸದೊಂದು ಪ್ರಶ್ನೆ ತಂದಿದ್ದಳು. ಸಂಶೋಧನೆಗಾಗಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಅರ್ಜಿ ಹಾಕುವ ಯೋಚನೆಯಿದೆಯಂತೆ. ಅಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆ ಮುನ್ನವೇ ಸೂರ್ಯಾಸ್ತ, ಜೂನಿನಲ್ಲಿ ರಾತ್ರಿ ಹತ್ತರ ಹೊತ್ತಿಗೆ. ಎರಡು ಘಳಿಗೆಯ ಲೆಕ್ಕವನ್ನು ಅಲ್ಲಿಯ ಸೂರ್ಯನಿಗೆ ಹಿಡಿಯಬೇಕೋ, ವ್ರತ ಹಿಡಿದ ಊರಿನ ಸೂರ್ಯನಿಗೋ ಎಂದು ಕೇಳಿದಳು. ದಿಗ್ವ್ರತ ಹಿಡಿದ ನಾನು ಸಮುದ್ರವನ್ನು ದಾಟಿದವನಲ್ಲ, ದಾಟುವವನೂ ಅಲ್ಲ. ಈ ಸಲ ಅವಸರದಿಂದ ಉತ್ತರ ಹೇಳಲಿಲ್ಲ. ಮಾತಾಜಿಯವರ ಸಂಘವು ಬರುವ ಚಾತುರ್ಮಾಸಕ್ಕೆ ಎಲ್ಲಿ ನಿಲ್ಲುವುದೆಂದು ವಿಚಾರಿಸುತ್ತಿದ್ದೇನೆ.